19 ವರ್ಷಕ್ಕೆ ರೇಸಿಂಗ್ ಡ್ರೈವರ್ ಆಗಲು ಹೊರಟರೆ ತಡವಾಯಿತೇ? ಮನೆಯ ದುಡ್ಡೆಲ್ಲ ಒಂದು ಸೀಸನ್‌ಗೆ ಹಾಕಬಹುದೇ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಎರಡು ವರ್ಷ ಕಾರ್ಟಿಂಗ್, ಅಪ್ಪ ಜಾಗ ಮಾರಿ ಹೊಂದಿಸಿದ ದುಡ್ಡು, ಮೇಜಿನ ಮೇಲೆ ಫಾರ್ಮುಲಾ 4 (ಕಾರ್ಟಿಂಗ್ ಆದ ಮೇಲಿನ ಮೊದಲ ಮೆಟ್ಟಿಲು) ತಂಡವೊಂದರ ಕರಾರು. ನನ್ನ ಕಥೆಯೂ ಇದೇ. ವಯಸ್ಸೂ ಅಷ್ಟೇ, 19.

ನಾನು ಸಹಿ ಹಾಕಿದೆ. ಆ ಸೀಸನ್ ನಾಲ್ಕನೇ ರೌಂಡ್‌ಗೇ ಮುಗಿಯಿತು.

ತಂಡ ಕೇಳಿದ ಮೊತ್ತವೂ ನಮ್ಮ ಕೈಲಿದ್ದ ಮೊತ್ತವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಶುಭ ಶಕುನದ ಹಾಗೆ ಕಂಡಿತು. ಅಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ತಂಡಕ್ಕೆ ಕೊಡುವ ದುಡ್ಡು ಸೀಟಿನ ದುಡ್ಡು. ಅದರಲ್ಲಿ ಕಾರಿನ ಬಾಡಿಗೆ, ಮೆಕ್ಯಾನಿಕ್‌ಗಳು, ಎಂಜಿನಿಯರ್, ಇಂಧನ, ರೇಸ್ ವಾರಾಂತ್ಯದ ಟೈರ್ ಬರುತ್ತವೆ. ಕಾರು ಗುದ್ದಿದರೆ ಆಗುವ ಖರ್ಚು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಹೆಚ್ಚುವರಿ ಟೆಸ್ಟ್ ದಿನಗಳೂ ಬರುವುದಿಲ್ಲ. ನನ್ನ ಕರಾರಿನಲ್ಲಿ ಅದಕ್ಕೆಂದೇ ಒಂದು ಪುಟವಿತ್ತು: ಕಾರಿಗೆ ಏನೇ ಹಾನಿಯಾದರೂ, ಕಾರಣ ಯಾವುದೇ ಇದ್ದರೂ, ಡ್ರೈವರ್ ಕಟ್ಟಿಕೊಡಬೇಕು. ಹಿಂದಿನಿಂದ ಬೇರೆಯವನು ಬಂದು ಗುದ್ದಿದರೂ ಅಷ್ಟೇ. ಆ ಪುಟವನ್ನು ನಾನು ಓದಿದ್ದೆ. ಓದಿ, ಇದು ಗುದ್ದಿಕೊಳ್ಳುವವರಿಗೆ ಅಂದುಕೊಂಡು ಮುಂದಿನ ಪುಟಕ್ಕೆ ಹೋದೆ. ಕಾರ್ಟಿಂಗ್‌ನಲ್ಲಿ ನಾನು ಅಷ್ಟೇನೂ ಗುದ್ದಿಕೊಂಡವನಲ್ಲ.

ಮೂರನೇ ರೌಂಡ್‌ನಲ್ಲಿ, ರೇಸ್‌ಗೆ ಯಾರು ಎಷ್ಟನೇ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ಹೊತ್ತಿಗೆ ಮಳೆ ನಿಂತಿತ್ತು, ಟ್ರ್ಯಾಕ್ ಒಣಗುತ್ತಿತ್ತು. ಎಲ್ಲರೂ ಒಣ ಟ್ರ್ಯಾಕಿಗೆ ಹಾಕುವ ನುಣುಪಾದ ಸ್ಲಿಕ್ ಟೈರಿಗೆ ಬಂದಿದ್ದೆವು. ತಿರುವಿನಿಂದ ಹೊರಬರುವಾಗ ಟ್ರ್ಯಾಕಿನ ಅಂಚಿನಲ್ಲಿ ಬಣ್ಣ ಬಳಿದ ಕರ್ಬ್ ಮೇಲೆ ನನ್ನ ಹೊರಗಿನ ಚಕ್ರ ಒಂದೇ ಒಂದು ಗೇಣು ಜಾಸ್ತಿ ಹೋಯಿತು. ಡಾಂಬರು ಒಣಗಿದರೂ ಆ ಬಣ್ಣದ ಮೇಲಿನ ನೀರು ಬೇಗ ಒಣಗುವುದಿಲ್ಲ. ಹಿಂಭಾಗ ಒಮ್ಮೆಗೇ ಹಿಡಿತ ತಪ್ಪಿ ಜಾರಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಹಿಡಿಯಲಿಲ್ಲ. ಮೊದಲು ಹಿಂಬದಿ ಗೋಡೆಗೆ ತಾಗಿತು, ಆಮೇಲೆ ಮೂತಿ.

ನನಗೆ ಒಂದು ಗೀರೂ ಆಗಲಿಲ್ಲ. ಪಿಟ್‌ಗೆ ಬಂದಾಗ ಮೆಕ್ಯಾನಿಕ್ ಮಂಡಿಯೂರಿ ಕೂತು ಮುರಿದ ತುಂಡುಗಳನ್ನು ಒಂದು ಪ್ಲಾಸ್ಟಿಕ್ ಟ್ರೇಗೆ ಹಾಕುತ್ತಿದ್ದ. ಒಂದೊಂದನ್ನೇ ಎತ್ತಿ ಹೆಸರು ಹೇಳುತ್ತಿದ್ದ, ಪಕ್ಕದಲ್ಲಿದ್ದವನು ಬರೆದುಕೊಳ್ಳುತ್ತಿದ್ದ. ಮುಂದಿನ ವಿಂಗ್. ನೋಸ್. ಎಡಗಡೆ ಪುಶ್‌ರಾಡ್. ಹಿಂದಿನ ಎರಡು ವಿಶ್‌ಬೋನ್. ಫ್ಲೋರ್. ಒಂದು ರಿಮ್. ನಾನು ಹೆಲ್ಮೆಟ್ ತೆಗೆಯದೆ ನಿಂತಿದ್ದೆ. ಕಣ್ಣು ಯಾರಿಗೂ ಕಾಣಬಾರದು ಅನ್ನಿಸಿತ್ತು.

ಬಿಲ್ ಬಂತು. ಅಪ್ಪ ಸಾಲ ಮಾಡಿ ಅರ್ಧ ಕಟ್ಟಿದರು. ಆದರೆ ನನ್ನನ್ನು ಮುಗಿಸಿದ್ದು ಬಿಲ್ ಅಲ್ಲ, ಅದರ ನಂತರದ ರೌಂಡ್.

ತಂಡದಲ್ಲಿ ಪ್ರತಿ ಸೆಷನ್ ಆದ ಮೇಲೆ ಇಬ್ಬರು ಡ್ರೈವರ್‌ಗಳ ಟೆಲಿಮೆಟ್ರಿಯನ್ನು, ಅಂದರೆ ಕಾರಿನ ಸೆನ್ಸರ್‌ಗಳು ದಾಖಲಿಸಿದ ಮಾಹಿತಿಯನ್ನು, ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ವೇಗ, ಥ್ರಾಟಲ್, ಬ್ರೇಕ್ ಒತ್ತಡ, ಸ್ಟೀರಿಂಗ್ ಕೋನ, ಎಲ್ಲಕ್ಕೂ ಒಂದೊಂದು ಗೆರೆ. ನಾಲ್ಕನೇ ರೌಂಡ್‌ನಲ್ಲಿ ನನ್ನ ಬ್ರೇಕಿನ ಗೆರೆ ಪ್ರತಿ ತಿರುವಿನಲ್ಲೂ ಜೊತೆಗಾರನಿಗಿಂತ ಐದಾರು ಮೀಟರ್ ಮೊದಲೇ ಮೇಲೇಳುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಬೇಗ ಕೆಳಗೂ ಇಳಿಯುತ್ತಿತ್ತು. ತಿರುವಿನೊಳಗೆ ಹೋಗುವಾಗಲೂ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಬೇಕು. ಆಗ ಭಾರ ಮುಂದಿನ ಟೈರ್ ಮೇಲೇ ಉಳಿದು ಕಾರು ಚೆನ್ನಾಗಿ ತಿರುಗುತ್ತದೆ. ಆದರೆ ಹಿಂಭಾಗ ಹಗುರವಾಗುತ್ತದೆ, ಜಾರಬಹುದು. ನಾನು ಆ ಜಾರುವಿಕೆಗೆ ಹೆದರಿ ಕಾಲನ್ನು ಮೊದಲೇ ತೆಗೆದುಬಿಡುತ್ತಿದ್ದೆ. ಲ್ಯಾಪ್‌ಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೋಗುತ್ತಿತ್ತು. ಎಲ್ಲರದ್ದೂ ಒಂದೇ ಥರದ ಕಾರು, ಹಾಗಾಗಿ ಅರ್ಧ ಸೆಕೆಂಡ್ ಅಂದರೆ ಎಷ್ಟೋ ಸ್ಥಾನ.

"ಇಲ್ಲಿ ಏನಾಯಿತು?" ಎಂದು ಎಂಜಿನಿಯರ್ ಬೆರಳಿಟ್ಟು ಕೇಳಿದರು. ಎರಡು ವಾರದ ಹಿಂದೆ ಅದೇ ಕಾಲು ಹಾಗೆ ಮಾಡುತ್ತಿರಲಿಲ್ಲ. ಇನ್ನೊಂದು ವಿಶ್‌ಬೋನ್‌ಗೆ ನಮ್ಮ ಹತ್ತಿರ ದುಡ್ಡಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕಾರಿನ ಮಿತಿ ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಕೆಲವು ಸಲ ಅದನ್ನು ದಾಟಲೇಬೇಕು. ದಾಟಿದಾಗ ಏನಾದರೂ ಮುರಿಯುತ್ತದೆ. ಮುರಿದರೆ ಸರಿಮಾಡಿಸುವ ದುಡ್ಡು ಬೇರೆಯಾಗಿ ಇಟ್ಟಿರದ ಡ್ರೈವರ್ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆ ರೌಂಡ್ ಆದ ಮೇಲೆ ನಮ್ಮ ಹತ್ತಿರ ಕೊನೆಯ ಕಂತಿಗೂ ಏನೂ ಉಳಿದಿರಲಿಲ್ಲ. ಸೀಟು ಇನ್ನೊಬ್ಬನಿಗೆ ಹೋಯಿತು. ಅರ್ಧ ಸೀಸನ್‌ನ ಫಲಿತಾಂಶ ನೋಡುವವರು ಕಾರಣ ಕೇಳುವುದಿಲ್ಲ.

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಕೈಲಿರುವ ದುಡ್ಡಿಗೆ ಸರಿಯಾಗಿ ಕೂರುವ ಸೀಟನ್ನು ತೆಗೆದುಕೊಳ್ಳಬೇಡಿ. ಒಟ್ಟು ದುಡ್ಡಿನ ಮೂರನೇ ಒಂದು ಪಾಲನ್ನು ಮೊದಲೇ ತೆಗೆದಿಡಿ, ಹಾನಿಗೂ ಟೆಸ್ಟ್ ದಿನಗಳಿಗೂ. ಉಳಿದದ್ದರಲ್ಲಿ ಫಾರ್ಮುಲಾ 4 ಸೀಟು ಬರದಿದ್ದರೆ ಅದಕ್ಕಿಂತ ಅಗ್ಗದ, ಒಂದೇ ಮಾದರಿಯ ಕಾರುಗಳ ರೇಸ್ ಸರಣಿ ಹುಡುಕಿ. ಅಲ್ಲಿ ಎರಡು ವರ್ಷ ಓಡಿಸಿ. ಈಗ ಮತ್ತೆ ಶುರುಮಾಡುವುದಾದರೆ ನಾನು ಮಾಡುವುದು ಅದನ್ನೇ.

ಇನ್ನು ವಯಸ್ಸು. ಈ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡೇಮನ್ ಹಿಲ್ ಮೊದಲು ಬೈಕ್ ರೇಸ್ ಮಾಡುತ್ತಿದ್ದವರು. 1992ರಲ್ಲಿ ಮೊದಲ ಸಲ ಫಾರ್ಮುಲಾ 1 ರೇಸ್ ಓಡಿಸಿದಾಗ ಅವರಿಗೆ 31 ವರ್ಷ. 1996ರಲ್ಲಿ ವಿಶ್ವ ಚಾಂಪಿಯನ್ ಆದರು. ಈಗ ಕಾಲ ಬದಲಾಗಿದೆ, ಫಾರ್ಮುಲಾ 4ಕ್ಕೆ 15 ವರ್ಷಕ್ಕೇ ಬರುತ್ತಾರೆ, ಅದೂ ನಿಜ. ಆದರೆ ಫಾರ್ಮುಲಾ 1 ಒಂದನ್ನೇ ಅಳತೆಗೋಲು ಮಾಡಿಕೊಂಡರೆ 15 ವರ್ಷದವನಿಗೂ ಕಷ್ಟವೇ. 2026ರಲ್ಲಿ 11 ತಂಡ, 22 ಸೀಟು, ಇಡೀ ಪ್ರಪಂಚಕ್ಕೆ. ಅಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ 40 ಪಾಯಿಂಟ್ ಬೇಕು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 ಗೆದ್ದವರಿಗೆ ಆ 40 ಒಮ್ಮೆಗೇ ಸಿಗುತ್ತದೆ. ಹಾಗಿದ್ದೂ 2022ರ ಚಾಂಪಿಯನ್ ಫೆಲಿಪೆ ಡ್ರುಗೊವಿಚ್‌ಗೆ ಮರುವರ್ಷ ಫಾರ್ಮುಲಾ 1ರಲ್ಲಿ ರೇಸ್ ಸೀಟು ಸಿಗಲಿಲ್ಲ. 2023ರ ಚಾಂಪಿಯನ್ ಥಿಯೋ ಪೂರ್ಶೇರ್‌ಗೂ ಅಷ್ಟೇ. ಇಬ್ಬರೂ ಚಾಂಪಿಯನ್‌ಗಳು!

ವೃತ್ತಿಪರ ಡ್ರೈವರ್ ಅಂದರೆ ಓಡಿಸಿದ್ದಕ್ಕೆ ಯಾರಾದರೂ ದುಡ್ಡು ಕೊಡಬೇಕು, ಅಲ್ವಾ? ಆ ಕೆಲಸ ಜಾಸ್ತಿ ಇರುವುದು ಜಿಟಿ (ರಸ್ತೆಯ ಸ್ಪೋರ್ಟ್ಸ್ ಕಾರುಗಳಿಂದ ರೂಪಿಸಿದ ರೇಸ್ ಕಾರುಗಳು) ಮತ್ತು ದೀರ್ಘ ಓಟದ, ಅಂದರೆ ಎಂಡ್ಯೂರೆನ್ಸ್ ರೇಸ್‌ಗಳಲ್ಲಿ. ವಿಶ್ವ ಮೋಟಾರ್ ರೇಸಿಂಗ್‌ನ ಆಡಳಿತ ಸಂಸ್ಥೆ ಎಫ್‌ಐಎ ಡ್ರೈವರ್‌ಗಳನ್ನು ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ವಿಂಗಡಿಸುತ್ತದೆ. ವಿಶ್ವ ಎಂಡ್ಯೂರೆನ್ಸ್ ಸರಣಿಯಲ್ಲಿ ಜಿಟಿ ಕಾರುಗಳಿರುವ ಎಲ್‌ಎಂಜಿಟಿ3 ವಿಭಾಗದಲ್ಲಿ ಪ್ರತಿ ಕಾರಿನಲ್ಲೂ ಒಬ್ಬ ಬ್ರಾಂಜ್ ಡ್ರೈವರ್ ಇರಲೇಬೇಕು. ಅವರಲ್ಲಿ ಹೆಚ್ಚಿನವರು ಬೇರೆ ಉದ್ಯೋಗದಲ್ಲಿ ಸಂಪಾದಿಸಿ, ಆಸೆಗೆ ರೇಸ್ ಮಾಡುವವರು. ಅವರ ಜೊತೆಗೆ ಕಾರು ಹಂಚಿಕೊಳ್ಳಲು, ಅವರಿಗೆ ಕಲಿಸಲು ವೇಗದ ಡ್ರೈವರ್ ಬೇಕು. ಈ ದಾರಿ ಹಿಡಿದವರೂ ಇದ್ದಾರೆ: ನ್ಯೂಜಿಲೆಂಡಿನ ಡ್ರೈವರ್ ಬ್ರೆಂಡನ್ ಹಾರ್ಟ್ಲಿಯನ್ನು ರೆಡ್ ಬುಲ್ 2010ರಲ್ಲಿ ತನ್ನ ಯುವ ಚಾಲಕರ ತಂಡದಿಂದ ಕೈಬಿಟ್ಟಿತು. ಅವರು ಎಂಡ್ಯೂರೆನ್ಸ್ ಕಡೆ ಹೋಗಿ ಲೆ ಮಾನ್ 24 ಗಂಟೆಗಳ ಓಟವನ್ನು 2017, 2020, 2022ರಲ್ಲಿ ಗೆದ್ದರು.

ನಾನು ಅಷ್ಟು ಎತ್ತರಕ್ಕೆ ಹೋಗಲಿಲ್ಲ. ಎರಡು ವರ್ಷ ಹೆಲ್ಮೆಟ್ ಮುಟ್ಟದೆ ಕಳೆದೆ. ಆಮೇಲೆ ಹವ್ಯಾಸಿ ಡ್ರೈವರ್‌ಗಳ ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಕೆಲಸ ಸಿಕ್ಕಿತು. ಅವರಲ್ಲಿ ಒಬ್ಬರು ತಮ್ಮ ಜಿಟಿ ಕಾರಿಗೆ ನನ್ನನ್ನು ಜೊತೆ ಡ್ರೈವರ್ ಮಾಡಿಕೊಂಡರು. ಅಲ್ಲಿಂದ ಇವತ್ತಿನವರೆಗೆ ನನ್ನ ಊಟ ಸ್ಟೀರಿಂಗ್‌ನಿಂದಲೇ ಬರುತ್ತಿದೆ. ಈಗಲೂ ಮೊದಲು ಟೆಲಿಮೆಟ್ರಿಯಲ್ಲಿ ಬ್ರೇಕಿನ ಗೆರೆಯನ್ನೇ ನೋಡುತ್ತೇನೆ. ಹೆದರಿದ ಕಾಲು ನನಗೆ ತಕ್ಷಣ ಗೊತ್ತಾಗುತ್ತದೆ.

ಸಹಿ ಹಾಕುವ ಮೊದಲು ತಂಡವನ್ನು ಇಷ್ಟು ಕೇಳಿ. ಒಂದು ಅಪಘಾತಕ್ಕೆ ನಾನು ಕಟ್ಟಬೇಕಾದ ಹಾನಿಗೆ ಗರಿಷ್ಠ ಮಿತಿ ಇದೆಯೇ? ಬೇರೆಯವರು ಗುದ್ದಿದರೆ ಯಾರು ಕಟ್ಟುತ್ತಾರೆ? ಮಧ್ಯದಲ್ಲಿ ನಿಲ್ಲಿಸಿದರೆ ಕಟ್ಟಿದ ದುಡ್ಡಿನಲ್ಲಿ ಎಷ್ಟು ವಾಪಸ್ ಬರುತ್ತದೆ? ಮೂರಕ್ಕೂ ಉತ್ತರ ಬರವಣಿಗೆಯಲ್ಲಿ ಬೇಕು. ಕೊಡುವುದಿಲ್ಲ ಅಂದರೆ ಎದ್ದು ಬನ್ನಿ.

ಆ ಕರಾರನ್ನು ಅಪ್ಪನ ಜೊತೆ ಕೂತು ಓದಿ, ಹಾನಿಯ ಪುಟವನ್ನು ಜೋರಾಗಿ ಓದಿ ಹೇಳಿ. ನಾನು ನಮ್ಮಪ್ಪನಿಗೆ ಆ ಪುಟವನ್ನು ತೋರಿಸಿರಲಿಲ್ಲ. ಬಿಲ್ ಕೈಗೆ ಬಂದ ದಿನವೇ ಅವರಿಗೆ ಅಂಥದ್ದೊಂದು ಪುಟ ಇತ್ತು ಅಂತ ಗೊತ್ತಾಗಿದ್ದು.