'ನನ್ನನ್ನು ತೆಗೆದುಹಾಕಿ' ಅಂತ ಬರೆದದ್ದು ಎಲ್ಲರಿಗೂ ಹೋಯಿತು!

ಪ್ರಶ್ನೆ: ಒಂದು ಮೇಲಿಂಗ್ ಲಿಸ್ಟಿಗೆ ಸೇರಿದೆ. ದಿನಕ್ಕೆ ಐವತ್ತು ಅರವತ್ತು ಮೇಲ್ ಬರತೊಡಗಿತು. ಸಾಕಪ್ಪಾ ಅಂತ 'ನನ್ನನ್ನು ತೆಗೆದುಹಾಕಿ' ಎಂದು ಬರೆದು ಕಳಿಸಿದೆ. ಯಾರೂ ತೆಗೆಯಲಿಲ್ಲ, ಬದಲಿಗೆ ಗುರುತೇ ಇಲ್ಲದ ನಾಲ್ಕೈದು ಜನ ನನ್ನ ಮೇಲೆ ರೇಗಿದರು. ನಾನು ಮಾಡಿದ ತಪ್ಪೇನು?

ಉತ್ತರ: ತಪ್ಪು ವಿಳಾಸಕ್ಕೆ ಬರೆದಿರಿ, ಅಷ್ಟೇ. ಲಿಸ್ಟಿಗೆ ಕಡಿಮೆಯೆಂದರೂ ಎರಡು ವಿಳಾಸ ಇರುತ್ತವೆ. ಒಂದು, ಎಲ್ಲರ ಜೊತೆ ಮಾತಾಡಲು. ಅಲ್ಲಿ ನಿಮ್ಮ ಪತ್ರ ಓದಲು ಯಾರೂ ಕೂತಿಲ್ಲ. ಒಂದು ಪ್ರೋಗ್ರಾಮ್ ಅದನ್ನು ಎತ್ತಿಕೊಂಡು, ನೀವು ಸದಸ್ಯರು ಹೌದೋ ಅಲ್ಲವೋ ನೋಡಿ, ಪಟ್ಟಿಯಲ್ಲಿರುವ ಅಷ್ಟೂ ಜನರಿಗೆ ಒಂದೊಂದು ಪ್ರತಿ ಹಂಚಿಬಿಡುತ್ತದೆ. ಒಳಗೆ ಏನು ಬರೆದಿದ್ದೀರಿ ಅನ್ನುವುದು ಸಾಮಾನ್ಯವಾಗಿ ಅದಕ್ಕೆ ಬೇಕಿಲ್ಲ.

ಇನ್ನೊಂದು ವಿಳಾಸ ಆ ಪ್ರೋಗ್ರಾಮ್‌ಗೇ ಹೇಳಬೇಕಾದ್ದನ್ನು ಹೇಳಲು. ಬಹಳ ಕಡೆ ಅದು ಲಿಸ್ಟಿನ ಹೆಸರು, ಒಂದು ಚಿಕ್ಕ ಅಡ್ಡಗೆರೆ, ಆಮೇಲೆ 'ರಿಕ್ವೆಸ್ಟ್' ಅನ್ನುವ ಪದ, ಹೀಗಿರುತ್ತದೆ. ಅಲ್ಲಿಗೆ ಇಂಗ್ಲಿಷ್ ಅಕ್ಷರದಲ್ಲಿ 'ಹೆಲ್ಪ್' ಅಂತ ಕಳಿಸಿದರೆ ಯಾವ್ಯಾವ ಆಜ್ಞೆ ನಡೆಯುತ್ತವೆ ಅಂತ ಅದೇ ಬರೆದು ತಿಳಿಸುತ್ತದೆ. 'ಅನ್‌ಸಬ್‌ಸ್ಕ್ರೈಬ್' ಕಳಿಸಿದರೆ 'ಇದು ನೀವೇ ತಾನೇ?' ಅಂತ ಕೇಳುವ ಮೇಲ್ ಬರಬಹುದು, ಅದಕ್ಕೆ ಉತ್ತರಿಸಿದ ಮೇಲೇ ಬಿಡುಗಡೆ. ಕಿರಿಕಿರಿ ಅನಿಸಬಹುದು, ಆದರೆ ಮೇಲ್‌ನಲ್ಲಿ ಕಳಿಸಿದವರ ವಿಳಾಸವನ್ನು ಯಾರು ಬೇಕಾದರೂ ಸುಳ್ಳು ಹಾಕಬಹುದು, ಅಲ್ವಾ?

ಇನ್ನೂ ಸುಲಭದ ದಾರಿ ಇದೆ. ಲಿಸ್ಟಿನಿಂದ ಬರುವ ಮೇಲ್‌ಗಳ ಹೆಡರ್‌ನಲ್ಲಿ, ಅಂದರೆ ಮೇಲ್ ಜೊತೆ ಹೋಗುವ ಆದರೆ ಸಾಮಾನ್ಯವಾಗಿ ನಮಗೆ ಪೂರ್ತಿ ಕಾಣದ ವಿವರಗಳಲ್ಲಿ, ಲಿಸ್ಟ್ ಬಿಡುವ ದಾರಿಯನ್ನೂ ಬರೆದಿಡಬೇಕು ಅನ್ನುವ ಪದ್ಧತಿ 1998ರಲ್ಲೇ ಬಂತು. ಈಗಿನ ಅನೇಕ ಮೇಲ್ ಆ್ಯಪ್‌ಗಳು ಅದನ್ನು ಓದಿಕೊಂಡು ಕಳಿಸಿದವರ ಹೆಸರಿನ ಪಕ್ಕದಲ್ಲೇ ಒಂದು ಬಟನ್ ತೋರಿಸುತ್ತವೆ. ಅದೂ ಕೆಲಸ ಮಾಡದಿದ್ದರೆ ನೀವು ಸೇರಿದ್ದು ಬೇರೆ ವಿಳಾಸದಿಂದ ಇರಬೇಕು. ಹಳೆಯ ವಿಳಾಸಕ್ಕೆ ಬಂದದ್ದು ಹೊಸದಕ್ಕೆ ಫಾರ್ವರ್ಡ್ ಆಗುತ್ತಿರುತ್ತದೆ, ನೀವು ಹೊಸದರಿಂದ ಬಿಡಲು ನೋಡುತ್ತೀರಿ, ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ!

ಅಂದ ಹಾಗೆ, ಬಿಡುವ ಮುಂಚೆ ಡೈಜೆಸ್ಟ್ ಆಯ್ದುಕೊಂಡು ನೋಡಿ. ಬಿಡಿಬಿಡಿ ಮೇಲ್ ಬದಲು ಎಲ್ಲವೂ ಒಂದೇ ಕಟ್ಟಾಗಿ ಬರುತ್ತವೆ. ಓದುವುದಕ್ಕೆ ಚೆನ್ನ. ಉತ್ತರ ಬರೆಯುವುದಕ್ಕೆ ಮಾತ್ರ ಫಜೀತಿ: ಸಬ್ಜೆಕ್ಟ್ ಬದಲಿಸಲು, ಬೇಡದ್ದನ್ನು ಅಳಿಸಲು ಮರೆತರೆ, ಯಾವುದಕ್ಕೆ ಅಂತ ತಿಳಿಯದ, ಇಡೀ ಕಟ್ಟನ್ನೇ ಕೆಳಗೆ ಹೊತ್ತುಕೊಂಡ ಉತ್ತರ ಎಲ್ಲರಿಗೂ ಹೋಗುತ್ತದೆ.

ಪ್ರಶ್ನೆ: ರಿಪ್ಲೈ ಒತ್ತಿದರೆ ಉತ್ತರ ಒಬ್ಬರಿಗೆ ಹೋಗುತ್ತದೋ ಎಲ್ಲರಿಗೋ?

ಉತ್ತರ: ಲಿಸ್ಟ್ ನಡೆಸುವವರು ಹೇಗೆ ಇಟ್ಟಿದ್ದಾರೋ ಹಾಗೆ. ಕೆಲವರು 'ರಿಪ್ಲೈ-ಟು' ಜಾಗದಲ್ಲಿ ಲಿಸ್ಟಿನ ವಿಳಾಸ ಹಾಕಿರುತ್ತಾರೆ, ಆಗ ಎಲ್ಲರಿಗೂ ಹೋಗುತ್ತದೆ. ಹಾಕದಿದ್ದರೆ ಬರೆದವರಿಗೆ ಮಾತ್ರ. ಹಾಕುವುದು ಸರಿಯೋ ತಪ್ಪೋ ಅಂತ ಗೊತ್ತಿದ್ದವರು ದಶಕಗಳಿಂದ ಕಿತ್ತಾಡುತ್ತಿದ್ದಾರೆ. ನನ್ನ ಮತ ಹಾಕಬಾರದು ಅನ್ನುವ ಕಡೆಗೆ. ಎಲ್ಲರಿಗೂ ಹೋಗಬೇಕಾದ್ದು ಒಬ್ಬರಿಗೆ ಹೋದರೆ ಮತ್ತೆ ಕಳಿಸಬಹುದು, ಒಬ್ಬರಿಗೆ ಬರೆದ ಚಾಡಿಮಾತು ಎಲ್ಲರಿಗೂ ಹೋದರೆ ವಾಪಸ್ ತರಲು ಆಗುವುದಿಲ್ಲ. ಅದರ ಮೇಲೆ ಅದು ಲಿಸ್ಟಿನ ಆರ್ಕೈವ್‌ನಲ್ಲೂ, ಅಂದರೆ ಹಳೆಯ ಮೇಲ್‌ಗಳ ಸಂಗ್ರಹದಲ್ಲೂ, ಕೂರುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ. ಅವತ್ತಿನಿಂದ ನಾನು 'ಟು' ಸಾಲನ್ನು ಎರಡು ಸಲ ನೋಡಿಯೇ ಕಳಿಸುವುದು.

ಪ್ರಶ್ನೆ: ಹಳೇ ಮೇಲ್‌ಗೆ ರಿಪ್ಲೈ ಒತ್ತಿ, ಸಬ್ಜೆಕ್ಟ್ ಬದಲಾಯಿಸಿ, ಹೊಸ ವಿಷಯ ಬರೆದೆ. 'ಥ್ರೆಡ್ ಹಾಳು ಮಾಡಬೇಡಿ' ಅಂದರು. ಸಬ್ಜೆಕ್ಟ್ ಬದಲಾಯಿಸಿದ್ದೆನಲ್ಲ?

ಉತ್ತರ: ಥ್ರೆಡ್ ಅಂದರೆ ಒಂದು ಮೇಲ್ ಮತ್ತು ಅದಕ್ಕೆ ಬಂದ ಉತ್ತರಗಳ ಸರಪಳಿ. ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನೀವು ರಿಪ್ಲೈ ಒತ್ತಿದ ಕೂಡಲೇ 'ಇದು ಇಂಥ ಮೇಲ್‌ಗೆ ಉತ್ತರ' ಅಂತ ಆ ಸಂಖ್ಯೆ ಹೆಡರ್‌ನಲ್ಲಿ ಸೇರಿಕೊಳ್ಳುತ್ತದೆ. ಸಬ್ಜೆಕ್ಟ್ ಬದಲಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ನಿಮ್ಮ ಹೊಸ ಪ್ರಶ್ನೆ ಅನೇಕರಿಗೆ ಹಳೆಯ ಚರ್ಚೆಯ ಹೊಟ್ಟೆಯೊಳಗೆ ಕಾಣಿಸುತ್ತದೆ. ಆ ಚರ್ಚೆಯೇ ಬೇಡ ಅಂತ ಮುಚ್ಚಿಟ್ಟವರಿಗೆ ಕಾಣಿಸುವುದೂ ಇಲ್ಲ. ಹೊಸ ವಿಷಯಕ್ಕೆ ಹೊಸ ಮೇಲ್ ತೆರೆಯಿರಿ.

ಪ್ರಶ್ನೆ: ಕೆಲವರ ಹೆಸರಿನ ಮುಂದೆ 'ವಯಾ' ಅಂತ ಲಿಸ್ಟಿನ ಹೆಸರು ಬರುತ್ತದಲ್ಲ, ಯಾಕೆ?

ಉತ್ತರ: ಕಳಿಸಿದವರು ನಿಜವಾದವರೇ ಅಂತ ಪರೀಕ್ಷಿಸುವ ಡಿಮಾರ್ಕ್ ಅನ್ನುವ ಏರ್ಪಾಡಿದೆ. 2014ರ ಏಪ್ರಿಲ್‌ನಲ್ಲಿ ಯಾಹೂ, 'ನಮ್ಮ ವಿಳಾಸ ಹೊತ್ತ ಮೇಲ್ ಈ ಪರೀಕ್ಷೆಯಲ್ಲಿ ಫೇಲ್ ಆದರೆ ತಿರಸ್ಕರಿಸಿ' ಅಂತ ಸಾರಿತು. ಲಿಸ್ಟ್‌ನಿಂದ ಹೋಗುವ ಮೇಲ್ ಹೊರಡುವುದು ಯಾಹೂ ಸರ್ವರ್‌ನಿಂದಲ್ಲ, ಲಿಸ್ಟಿನ ಸರ್ವರ್‌ನಿಂದ. ಜೊತೆಗೆ ಅದು ಸಬ್ಜೆಕ್ಟ್‌ಗೆ ತನ್ನ ಹೆಸರು ಅಂಟಿಸುತ್ತದೆ, ಕೆಳಗೆ ಎರಡು ಸಾಲು ಸೇರಿಸುತ್ತದೆ, ಅಷ್ಟಕ್ಕೇ ಮೇಲ್ ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸಲು ಯಾಹೂ ಹಾಕಿದ ಡಿಜಿಟಲ್ ಸಹಿ ಮುರಿಯುತ್ತದೆ, ಪರೀಕ್ಷೆಯಲ್ಲಿ ಫೇಲ್. ಯಾಹೂ ಸದಸ್ಯರು ಬರೆದದ್ದನ್ನು ಬೇರೆಯವರ ಸರ್ವರ್‌ಗಳು ವಾಪಸ್ ಕಳಿಸಿದವು. ಪಾಪ, ಏನೂ ಮಾಡದ ಆ ಬೇರೆಯವರನ್ನೇ ಲಿಸ್ಟ್ ಪ್ರೋಗ್ರಾಮ್‌ಗಳು 'ಇವರ ವಿಳಾಸ ಸರಿಯಿಲ್ಲ' ಅಂತ ನಿಲ್ಲಿಸಿಬಿಟ್ಟವು. ಆಮೇಲೆ ಅನೇಕ ಲಿಸ್ಟ್‌ಗಳು ಬರೆದವರ ವಿಳಾಸದ ಜಾಗದಲ್ಲಿ ತಮ್ಮದನ್ನೇ ಹಾಕತೊಡಗಿದವು. ಆ 'ವಯಾ' ಬಂದದ್ದು ಹಾಗೆ.

ಪ್ರಶ್ನೆ: ಇದೆಲ್ಲ ಹಳೇ ಕಾಲದ್ದಲ್ಲವೇ?

ಉತ್ತರ: ಹಳೆಯದೇ. ಎರಿಕ್ ಥಾಮಸ್ ಲಿಸ್ಟ್ ನಡೆಸುವ ತಮ್ಮ ಪ್ರೋಗ್ರಾಮ್ ಲಿಸ್ಟ್‌ಸರ್ವ್ ಬರೆದದ್ದು 1986ರಲ್ಲಿ. ಆದರೆ ನಿಮ್ಮ ಆಂಡ್ರಾಯ್ಡ್ ಫೋನ್ ಒಳಗೂ ಇರುವ ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಿದ್ದುಪಡಿಗಳು ಇವತ್ತಿಗೂ ಮೇಲಿಂಗ್ ಲಿಸ್ಟ್‌ಗಳ ಮೂಲಕವೇ ಬರುತ್ತವೆ.