ಮೊದಲು ವಿಳಾಸ, ಆಮೇಲೆ ಅಲಂಕಾರ

ಪ್ರಿಯ ಓದುಗರೇ,

ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಸ್ವಂತ ಬ್ಲಾಗ್ ತೆರೆದ ಮೂರು ತಿಂಗಳಲ್ಲಿ ಒಂಬತ್ತು ಬರಹ ಹಾಕಿದ್ದೀರಿ, ಐದು ಸಲ ಥೀಮ್ (ಪುಟದ ಅಲಂಕಾರ) ಬದಲಿಸಿದ್ದೀರಿ. ಲಿಂಕ್‌ಗಳನ್ನು ತಿದ್ದಿದ ಮೇಲೆ ಗೆಳೆಯರಿಗೆ ಮೊದಲು ಕಳಿಸಿದ್ದವು ತೆರೆಯುತ್ತಿಲ್ಲ, ಪುಟ ನಿಧಾನ, ಒಂದು ಬರಹದಿಂದ ಅಕ್ಕನಿಗೆ ಬೇಸರ, ಓದುವವರೂ ಕಡಿಮೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಥೀಮನ್ನು ಎಂದು ಬೇಕಾದರೂ ಬದಲಿಸಬಹುದು. ಒಮ್ಮೆ ಹೊರಗೆ ಹೋದ ವಿಳಾಸವನ್ನೂ ಮಾತನ್ನೂ ಹಾಗೆ ಬದಲಿಸಲಾಗದು. ನಿಮ್ಮ ಶ್ರಮವೆಲ್ಲ ಥೀಮಿಗೆ ಹೋಗಿದೆ, ಅಷ್ಟೇ.

ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಅದನ್ನು ವಿಳಾಸಕ್ಕೆ ಸೇರಿಸುವುದಿಲ್ಲ. ‘ಬ್ಲಾಗ್-ಪೋಸ್ಟ್’ ಎಂದೋ ಅದರ ಮುಂದೆ ಒಂದು ಅಂಕಿ ಹಚ್ಚಿಯೋ ಬಿಡುತ್ತದೆ. ಕನ್ನಡವನ್ನೇ ವಿಳಾಸದಲ್ಲಿ ಇಡುವ ಕಡೆ ಇನ್ನೊಂದು ತೊಡಕು. ‘ಮಳೆ’ ಎಂಬ ಪದ ಕಂಪ್ಯೂಟರಿಗೆ ಮೂರು ತುಂಡು: ಮ, ಳ, ಎತ್ವದ ಗುರುತು. ಲಿಂಕನ್ನು ನಕಲು ಮಾಡಿದಾಗ ಒಂದೊಂದು ತುಂಡೂ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ, ಅಂದರೆ ‘ಮಳೆ’ಯೊಂದೇ 27. ಬ್ಲಾಗ್ ನಡೆಸುವ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್ ಇದಕ್ಕೆ ಇಡುವ ಮಿತಿ 200 ಅಕ್ಷರ, ಹಾಗಾಗಿ ಉದ್ದದ ಕನ್ನಡ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಅದಕ್ಕೇ ಪ್ರಕಟಿಸುವ ಮೊದಲು ‘ಪರ್ಮಾಲಿಂಕ್’ (ಬರಹದ ಕಾಯಂ ವಿಳಾಸ) ತೆರೆದು, ‘ಕಸ್ಟಮ್’ ಆರಿಸಿ, ಎರಡು-ಮೂರು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ನಡುವೆ ಅಡ್ಡಗೆರೆ (-) ಹಾಕಿ ಬರೆಯಿರಿ. ಶೀರ್ಷಿಕೆಯನ್ನು ಆಮೇಲೆ ಎಷ್ಟು ಸಲ ತಿದ್ದಿದರೂ ಲಿಂಕ್ ಕೆಡದು.

ಈಗ ಮುರಿದಿರುವ ಲಿಂಕ್‌ಗಳಿಗೂ ದಾರಿಯಿದೆ. ಸೆಟ್ಟಿಂಗ್ಸ್‌ನ ‘ಎರರ್ಸ್ ಅಂಡ್ ರೀಡೈರೆಕ್ಟ್ಸ್’ ಭಾಗದಲ್ಲಿ ‘ಕಸ್ಟಮ್ ರೀಡೈರೆಕ್ಟ್ಸ್’ ಇದೆ, ಹಳೆಯ ವಿಳಾಸಕ್ಕೆ ಬಂದವರನ್ನು ಅದು ಹೊಸದಕ್ಕೆ ಕಳಿಸುತ್ತದೆ. ‘ಫ್ರಮ್’ ಜಾಗದಲ್ಲಿ ಹಳೆಯದು, ‘ಟು’ ಜಾಗದಲ್ಲಿ ಹೊಸದು ಹಾಕಿ, ‘ಪರ್ಮನೆಂಟ್’ ಆನ್ ಮಾಡಿ. ಪೂರ್ತಿ ವಿಳಾಸ ಅಂಟಿಸಿದರೆ ನಡೆಯದು. ಬ್ಲಾಗಿನ ಹೆಸರು ಮುಗಿದ ಮೇಲೆ ಬರುವ ಓರೆಗೆರೆಯಿಂದ (/) ಹಿಡಿದು ಕೊನೆಯವರೆಗಿನದು ಮಾತ್ರ ಬೇಕು. ಬ್ಲಾಗಿನ ಹೆಸರಿನ ವಿಳಾಸವನ್ನಂತೂ ಮುಟ್ಟಲೇಬೇಡಿ. ಅದು ಬದಲಾದರೆ ಹಳೆಯ ಲಿಂಕ್‌ಗಳೆಲ್ಲ ಒಟ್ಟಿಗೇ ಸಾಯುತ್ತವೆ.

ಪುಟ ನಿಧಾನವಾಗುವುದು ಬಹುಮಟ್ಟಿಗೆ ಫೋಟೊಗಳಿಂದ. ಫೋನಿನ ಚಿತ್ರ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ, ಹಲವು ಎಂಬಿ ತೂಕ. ಅಗಲವನ್ನು 1200ಕ್ಕೆ ಇಳಿಸಿ, ಜೆಪೆಗ್ ಎಂಬ ಫೋಟೊ ಬಗೆಯಲ್ಲಿ ಗುಣಮಟ್ಟ 80 ಇಟ್ಟು ಉಳಿಸಿದರೆ ಕೆಲವು ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣದು. ಲೊಕೇಶನ್ ಆನ್ ಇಟ್ಟು ತೆಗೆದ ಚಿತ್ರದೊಳಗೆ ಆ ಜಾಗದ ಅಕ್ಷಾಂಶ, ರೇಖಾಂಶವೂ ಕೂತಿರುತ್ತದೆ. ಮನೆಯಲ್ಲಿ ತೆಗೆದ ಚಿತ್ರಗಳಿಂದ ಅದನ್ನು ಅಳಿಸಿಯೇ ಹಾಕಿ. ಥೀಮಿನಲ್ಲಿ ತಿದ್ದಲೇಬೇಕಾದದ್ದು ಒಂದಿದ್ದರೆ ಅದು ಸಾಲಿನ ಅಂತರ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಗಲುತ್ತದೆ. ಅಕ್ಷರದ ಗಾತ್ರದ 1.7 ಪಟ್ಟಿನ ಆಸುಪಾಸು ಇಡಿ.

ಅಕ್ಕನ ವಿಷಯ. ಹೆಸರು ಬರೆದಿಲ್ಲವಲ್ಲ ಎನ್ನುತ್ತೀರಿ. ಆದರೆ ನಿಮಗಿರುವುದು ಒಬ್ಬರೇ ಅಕ್ಕ. ‘ಅಕ್ಕ’ ಎಂದರೆ ಸಾಕು, ನೆಂಟರಿಗೆಲ್ಲ ಗೊತ್ತಾಗುತ್ತದೆ. ಸಂಬಂಧ, ಊರು, ಸಂದರ್ಭ ಮೂರೂ ಒಟ್ಟಿಗೆ ಬಂದರೆ ಹೆಸರು ಮರೆಮಾಡಿ ಪ್ರಯೋಜನವಿಲ್ಲ. ಬರಹವನ್ನು ಈಗಲೇ ಡ್ರಾಫ್ಟಿಗೆ (ಪ್ರಕಟವಾಗದ ಕರಡಿಗೆ) ಇಳಿಸಿ, ಅವರ ಕೈಗೆ ಕೊಟ್ಟು ಓದಿಸಿ. ಬೇಡವೆಂದ ಸಾಲುಗಳನ್ನು ವಾದಿಸದೆ ತೆಗೆಯಿರಿ. ನಿಮಗೇನಾಯಿತು, ನೀವೇನು ಮಾಡಿದಿರಿ ಎಂಬುದು ನಿಮ್ಮದು, ಅದನ್ನು ಉಳಿಸಿಕೊಳ್ಳಿ. ಅವರ ಕಾಯಿಲೆ, ಸಾಲ, ಜಗಳ ಅವರದು. ಅಳಿಸಿದ ಬರಹವೂ ಹೊಸ ಬರಹಗಳನ್ನು ತಾವೇ ತಂದಿಟ್ಟುಕೊಳ್ಳುವ ‘ಫೀಡ್ ರೀಡರ್’ ಆ್ಯಪುಗಳಲ್ಲಿ, ಯಾರೋ ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳಲ್ಲಿ ಉಳಿಯಬಹುದು. ಆದ್ದರಿಂದ ಮನೆಯವರ ಬಗ್ಗೆ ಬರೆದದ್ದನ್ನು ಒಂದು ವಾರ ಇಟ್ಟು, ಮತ್ತೆ ಓದಿ, ಆಮೇಲೆ ಹಾಕಿ.

ಓದುವವರು ಮೆಲ್ಲಗೆ ಬರುತ್ತಾರೆ. ಅಂಕಿಅಂಶದ ಪುಟವನ್ನು ದಿನವೂ ನೋಡಬೇಡಿ. ಅದರಲ್ಲಿ ನಿಮ್ಮದೇ ಭೇಟಿಗಳೂ ಪುಟಗಳನ್ನು ತಾವಾಗಿಯೇ ತೆರೆಯುವ ಯಂತ್ರಗಳ ಭೇಟಿಗಳೂ ಸೇರಿರಬಹುದು. ‘ಮನದ ಮಾತು 7’ ಎಂಬ ಶೀರ್ಷಿಕೆ ಯಾರನ್ನೂ ಒಳಗೆ ಕರೆಯದು, ಒಳಗೇನಿದೆ ಎಂದು ಅದೇ ಹೇಳಬೇಕು. ಹದಿನೈದು ದಿನಕ್ಕೊಂದು ಬರಹ ಸಾಕು, ಆದರೆ ಎರಡು ಡ್ರಾಫ್ಟ್ ಸದಾ ಸಿದ್ಧವಿರಲಿ. ಒಂದು ಹೊರಗೆ ಹೋದ ದಿನವೇ ಮತ್ತೊಂದನ್ನು ಶುರು ಮಾಡಿದರೆ ಗಡುವಿನ ದಿನ ಖಾಲಿ ಪರದೆ ಎದುರಿಗೆ ಕೂರುವುದು ತಪ್ಪುತ್ತದೆ.

ಈ ವಾರ ಹೊಸದೇನೂ ಬರೆಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್ ಕಂಟೆಂಟ್’ ಒತ್ತಿ ಬರಹಗಳ ಕಡತ ಇಳಿಸಿಕೊಳ್ಳಿ. ಫೋಟೊಗಳು ಅದರೊಳಗೆ ಬಾರದಿರಬಹುದು, ಅವುಗಳಿಗೆ ಬೇರೆ ಫೋಲ್ಡರ್ ಮಾಡಿ. ಆಮೇಲೆ ಹಳೆಯ ಲಿಂಕ್‌ಗಳನ್ನು ಒಂದೊಂದಾಗಿ ಹೊಸದಕ್ಕೆ ತಿರುಗಿಸಿ, ಪ್ರತಿಯೊಂದನ್ನೂ ಲಾಗಿನ್ ಆಗಿರದ ಬೇರೆ ಫೋನಿನಲ್ಲಿ ತೆರೆದು ನೋಡಿ.

– ಸಂಪಾದಕರು