ಟೈರ್ ಬದಲಿಸಿದ ಮೇಲೆ ಪಿಕಪ್‌ನ ಮೈಲೇಜ್ ಇಳಿದದ್ದೇಕೆ: ಕೊಪ್ಪದ ಸದಸ್ಯರಿಗೆ ಉತ್ತರ

ಕೊಪ್ಪದ ಸ್ನೇಹಿತರು ಕೇಳಿರುವುದು ಇಷ್ಟು. ಬೊಲೆರೋ ಪಿಕಪ್‌ನಲ್ಲಿದ್ದ 215/75 ಆರ್ 15 ಅಳತೆಯ (ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 75, ರಿಮ್ 15 ಇಂಚು) ಟೈರ್‌ಗಳು ಪೂರ್ತಿ ಸವೆದಿದ್ದರಿಂದ, ಮಳೆಗಾಲದಲ್ಲಿ ತೋಟದ ಕೆಸರು ದಾರಿ ಹತ್ತಲೆಂದು ನಾಲ್ಕು ಚಕ್ರಗಳಿಗೂ 235/75 ಆರ್ 15 ಅಳತೆಯ, ದಪ್ಪ ಬಟನ್ನಿನ (ಟೈರಿನ ಮೈಮೇಲೆ ಎದ್ದಿರುವ ರಬ್ಬರ್ ತುಂಡುಗಳ), ಟಾರು ಕೆಸರು ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಿದ್ದಾರೆ. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ ಹತ್ತೂವರೆಗೆ ಇಳಿದಿದೆ. ಅಂಗಡಿಯವರು ಟೈರಿಗೂ ಇದಕ್ಕೂ ಸಂಬಂಧವಿಲ್ಲ, ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಚಿಮುಕಿಸುವ ಭಾಗ) ತೋರಿಸಿ ಎನ್ನುತ್ತಿದ್ದಾರೆ. ದಯವಿಟ್ಟು ಇಂಜೆಕ್ಟರ್ ಬಿಚ್ಚಿಸುವುದಕ್ಕೆ ಅವಸರ ಮಾಡಬೇಡಿ.

ಇಳಿದಿರುವ ಒಂದೂವರೆ ಕಿಲೋಮೀಟರಿನಲ್ಲಿ ಒಂದು ಪಾಲು ನಿಜವಾಗಿ ಇಳಿದೇ ಇಲ್ಲ. ಗಾಡಿಯ ಮೀಟರ್ ದೂರವನ್ನು ಅಳೆಯುವುದಿಲ್ಲ. ಅದು ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದನ್ನು ಎಣಿಸಿ, ಕಂಪನಿ ಕೊಟ್ಟ ಟೈರಿನ ಸುತ್ತಳತೆಯಿಂದ ಗುಣಿಸುತ್ತದೆ. 215/75 ಆರ್ 15 ಟೈರಿನ ವ್ಯಾಸ ಲೆಕ್ಕದ ಪ್ರಕಾರ 703.5 ಮಿ.ಮೀ., 235/75 ಆರ್ 15ರದ್ದು 733.5 ಮಿ.ಮೀ. ಅಂದರೆ ಹೊಸ ಟೈರ್ ಒಂದು ಸುತ್ತಿಗೆ ಶೇ. 4.3ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ನಿಮ್ಮ ಹಳೆಯ ಟೈರ್‌ಗಳು 6 ಮಿ.ಮೀ. ಸವೆದಿದ್ದವು ಎಂದಿಟ್ಟುಕೊಂಡರೆ ಅವುಗಳ ವ್ಯಾಸ ಇನ್ನೂ 12 ಮಿ.ಮೀ. ಕುಗ್ಗಿರುತ್ತದೆ, ಆಗ ಈ ವ್ಯತ್ಯಾಸ ಸುಮಾರು ಶೇ. 6ಕ್ಕೆ ಏರುತ್ತದೆ. ಹಳೆಯ ಲೆಕ್ಕಕ್ಕೆ ಸರಿದೂಗಿಸಿದರೆ ನಿಮ್ಮ ಈಗಿನ ಹತ್ತೂವರೆ ಎಂಬುದು ಹನ್ನೊಂದರ ಮೇಲೆ ಬರುತ್ತದೆ. ಆದ್ದರಿಂದ ಉತ್ತರ ಹುಡುಕಬೇಕಾದದ್ದು ಹೆಚ್ಚೆಂದರೆ ಒಂದು ಕಿಲೋಮೀಟರಿಗೆ ಮಾತ್ರ. (ವೇಗದ ಮುಳ್ಳೂ ಇದೇ ರೀತಿ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ.)

ಆ ಒಂದು ಕಿಲೋಮೀಟರನ್ನು ಮುಖ್ಯವಾಗಿ ನುಂಗುತ್ತಿರುವುದು ರಬ್ಬರು. ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಭಾರಕ್ಕೆ ಚಪ್ಪಟೆಯಾಗುತ್ತದೆ, ಮುಂದಕ್ಕೆ ಉರುಳಿದೊಡನೆ ಮತ್ತೆ ದುಂಡಾಗುತ್ತದೆ. ಹೀಗೆ ಬಾಗುವಾಗ ಹಾಕಿದ ಶಕ್ತಿಯನ್ನೆಲ್ಲ ರಬ್ಬರು ಹಿಂತಿರುಗಿಸುವುದಿಲ್ಲ, ಒಂದು ಭಾಗ ಬಿಸಿಯಾಗಿ ಹೋಗುತ್ತದೆ. ದೂರದ ಓಡಾಟದ ನಂತರ ಟೈರ್ ಮುಟ್ಟಿದಾಗ ಕೈಗೆ ತಾಗುವ ಬಿಸಿಯ ಬಹುಪಾಲು ನಿಮ್ಮ ಡೀಸೆಲ್ಲೇ. ಬಟನ್ ಆಳವಾದಷ್ಟೂ, ಬಿಡಿಬಿಡಿಯಾದಷ್ಟೂ ಪ್ರತಿಯೊಂದು ತುಂಡೂ ಅಲುಗಾಡಿ ಹೆಚ್ಚು ಬಿಸಿಯಾಗುತ್ತದೆ. ಟಾರು ರಸ್ತೆಗೆಂದೇ ಮಾಡಿದ ರಿಬ್ ಟೈರಿನಲ್ಲಿ ಉದ್ದುದ್ದ ಗೆರೆಗಳ ಪಟ್ಟಿ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಅಲುಗಾಟ ಕಡಿಮೆ. ಸವೆದ ಟೈರಿನಲ್ಲಿ ಬಾಗುವ ರಬ್ಬರೇ ಕಡಿಮೆಯಾದ್ದರಿಂದ ಅದು ಹೊಸದಕ್ಕಿಂತ ಹಗುರವಾಗಿ ಉರುಳುತ್ತದೆ. ಹಾಗಾಗಿ ನೀವು ಅದೇ ಹಳೆಯ ಬಗೆಯ ಹೊಸ ಟೈರ್ ಹಾಕಿಸಿದ್ದರೂ ಮೈಲೇಜ್ ಸ್ವಲ್ಪ ಇಳಿಯುತ್ತಿತ್ತು.

ಇದನ್ನು ಲೆಕ್ಕ ಹಾಕಿ ನೋಡಬಹುದು. ಯುರೋಪಿನ ಟೈರ್ ಲೇಬಲ್‌ನಲ್ಲಿ ಲಘು ಸರಕು ವಾಹನದ ಟೈರ್‌ಗಳಿಗೆ, ಒಂದು ಟನ್ ಭಾರಕ್ಕೆ 5.5 ಕೆ.ಜಿ.ವರೆಗಿನ ಎಳೆತವಿದ್ದರೆ (ಉರುಳುವುದನ್ನು ತಡೆಯುವ ಬಲ) ಎಲ್ಲಕ್ಕಿಂತ ಮೇಲಿನ ಎ ದರ್ಜೆ, 9.1 ಕೆ.ಜಿ. ಮುಟ್ಟಿದರೆ ಕೊನೆಯ ಇ ದರ್ಜೆ. ನಿಮ್ಮ ಹಳೆಯ ಮತ್ತು ಹೊಸ ಟೈರ್‌ಗಳ ನಡುವೆ ಟನ್ನಿಗೆ 2 ಕೆ.ಜಿ. ವ್ಯತ್ಯಾಸವಿದೆ ಎಂದುಕೊಳ್ಳೋಣ, ಇದು ಉತ್ಪ್ರೇಕ್ಷೆಯೇನಲ್ಲ. ಹೊರೆ ಸೇರಿ 3 ಟನ್ ಆದರೆ, ಯಾರೋ ಹಿಂದಿನಿಂದ ಗಾಡಿಯನ್ನು 6 ಕೆ.ಜಿ. ಬಲದಿಂದ ಸದಾ ಹಿಡಿದೆಳೆದಂತೆ. 100 ಕಿ.ಮೀ. ದೂರಕ್ಕೆ ಇದು ಸುಮಾರು 59 ಲಕ್ಷ ಜೂಲ್ ಶಕ್ತಿ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 360 ಲಕ್ಷ ಜೂಲ್ ಇದ್ದು, ಅದರ ಶೇ. 30 ಮಾತ್ರ ಚಕ್ರ ಮುಟ್ಟುತ್ತದೆ ಎಂದಿಟ್ಟುಕೊಂಡರೆ, ನೂರು ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಇದಕ್ಕೇ ಹೋಯಿತು. 12 ಕೊಡುವ ಗಾಡಿ ಆಗ ಹನ್ನೊಂದೂಕಾಲು ಕೊಡುತ್ತದೆ. ಖಾಲಿ ಮರಳುವಾಗ ನಷ್ಟ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಆದ್ದರಿಂದ ಎಲ್ಲವನ್ನೂ ಬಟನ್ನಿನ ತಲೆಗೆ ಕಟ್ಟುವಂತಿಲ್ಲ.

ಉಳಿದದ್ದಕ್ಕೆ ನನಗೆ ಅನುಮಾನವಿರುವುದು ಗಾಳಿಯ ಮೇಲೆ. ಅಂಗಡಿಯವರು ಹಾಕಿದಷ್ಟೇ ಗಾಳಿಯಿದೆ, ಎಷ್ಟೆಂದು ನೋಡಿಲ್ಲ ಎಂದು ನೀವೇ ಬರೆದಿದ್ದೀರಿ. ಪಿಕಪ್‌ನ ಹಿಂದಿನ ಟೈರಿಗೆ ಕಾರಿನ ಗಾಳಿ ಹಾಕಿ ಕಳುಹಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಖಾಲಿ ಗಾಡಿ ಮೆತ್ತಗೆ ಓಡುತ್ತದೆ, ಗಿರಾಕಿಗೂ ಖುಷಿಯಾಗುತ್ತದೆ. ಆದರೆ ಹೊರೆ ಬಿದ್ದಾಗ ಅದೇ ಟೈರಿನ ಪಕ್ಕೆ ಉಬ್ಬಿ, ಡೀಸೆಲ್ ಕುಡಿದು, ಕೊನೆಗೆ ಕಾದು ಸಿಡಿಯುತ್ತದೆ. ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಗಾಡಿಯ ಕೈಪಿಡಿಯಲ್ಲೋ ಹೊರೆಯಿದ್ದಾಗ ಮತ್ತು ಇಲ್ಲದಾಗ, ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಬರೆದಿರುತ್ತದೆ; ಅದನ್ನು ಆಧಾರವಾಗಿಟ್ಟುಕೊಂಡು, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮೀರದಂತೆ, ಬೆಳಗ್ಗೆ ಗಾಡಿ ಹೊರಡುವ ಮೊದಲು ತಣ್ಣಗಿರುವಾಗ ಹಾಕಿಸಿ. ಓಡಿ ಬಂದ ಮೇಲೆ ಒತ್ತಡ ಏರಿರುವುದು ಸಹಜ, ಆಗ ಗಾಳಿ ಬಿಟ್ಟು ಒತ್ತಡ ಇಳಿಸಬಾರದು. ಸ್ವಂತಕ್ಕೊಂದು ಗೇಜ್ ಇಟ್ಟುಕೊಳ್ಳುವುದು ಉತ್ತಮ.

ದಪ್ಪ ಟೈರಿನ ತೂಕವೇ ಮೈಲೇಜ್ ತಿನ್ನುತ್ತದೆ ಎಂದು ಇಲ್ಲಿ ಕೆಲವರು ಬರೆದಿದ್ದಾರೆ. ಒಂದೊಂದಕ್ಕೆ 4–5 ಕೆ.ಜಿ. ಹೆಚ್ಚಾದರೂ ನಾಲ್ಕಕ್ಕೆ 20 ಕೆ.ಜಿ.; ಒಂದು ಟನ್ ಅಡಿಕೆ ಹೊರುವ ಗಾಡಿಗೆ ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಘಾಟಿಯಲ್ಲಿ ಬೇರೊಂದು ಸಂಗತಿ ನಡೆಯುತ್ತದೆ: ಟೈರ್ ದೊಡ್ಡದಾದಾಗ ಎಲ್ಲ ಗೇರುಗಳೂ ತುಸು ಉದ್ದವಾದಂತೆ ಆಗುತ್ತವೆ, ಮೊದಲು ಮೂರನೆಯದರಲ್ಲಿ ಏರುತ್ತಿದ್ದ ಗಾಡಿಗೆ ಎರಡನೆಯದು ಬೇಕಾಗುತ್ತದೆ.

ನನ್ನ ಸಲಹೆಯೆಂದರೆ, ದುಡ್ಡು ಕೊಟ್ಟು ಹಾಕಿಸಿದ ಟೈರ್‌ಗಳನ್ನು ಈಗ ಬಿಚ್ಚಬೇಡಿ. ಗಾಳಿ ಸರಿಪಡಿಸಿ, ಅಲೈನ್‌ಮೆಂಟ್ ಮಾಡಿಸಿ, ಒಂದೇ ಬಂಕಿನ ಒಂದೇ ಪಂಪಿನಲ್ಲಿ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ. ದೂರವನ್ನು ಮೊಬೈಲಿನ ಜಿಪಿಎಸ್‌ನಿಂದ ಹಿಡಿಯಿರಿ. ಮುಂದಿನ ಸಲ ಕೊಳ್ಳುವಾಗ ಮೂಲ ಅಳತೆಗೇ ಮರಳಿ, ಮುಂದೆ ರಿಬ್, ಹಿಂದೆ ಮಾತ್ರ ಲಗ್ (ದಪ್ಪ ಬಟನ್ನಿನ ಟೈರ್) ಹಾಕಿಸಿ. ನಿಮ್ಮದು ಹಿಂಚಕ್ರ ಎಳೆಯುವ ಗಾಡಿ, ಕೆಸರಿನಲ್ಲಿ ಹಿಡಿತ ಬೇಕಾದದ್ದು ಹಿಂದೆಯೇ. ಎರಡು ಕಿಲೋಮೀಟರ್ ತೋಟದ ದಾರಿಗಾಗಿ ಮುಂದಿನ ಚಕ್ರಗಳೂ ಐವತ್ತು ಕಿಲೋಮೀಟರ್ ಟಾರಿನ ಮೇಲೆ ಬಟನ್ ಉಜ್ಜಬೇಕಾಗಿಲ್ಲ. ಫೋರ್ ವೀಲ್ ಡ್ರೈವ್ ಇರುವವರು ಮಾತ್ರ ಹೀಗೆ ಬೆರೆಸಬಾರದು. ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಸ್ಟಾರ್ ಗುರುತಿನ ಟೈರ್ ನಿಮ್ಮ ಅಳತೆಯಲ್ಲಿ ಸಿಕ್ಕರೆ ಒಳ್ಳೆಯದೇ, ಹೆಚ್ಚು ಸ್ಟಾರ್ ಎಂದರೆ ಉರುಳಲು ಕಡಿಮೆ ಶಕ್ತಿ ಸಾಕು ಎಂದರ್ಥ. ಆದರೆ ಮೈಲೇಜಿನ ಆಸೆಗೆ ಭಾರ ಹೊರುವ ಸಾಮರ್ಥ್ಯ ಕಡಿಮೆಯಿರುವ ಕಾರಿನ ಟೈರ್ ಹಾಕಿಸಬೇಡಿ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಸ್ಟೆಪ್ನಿ ಹಳೆಯ 215ರದ್ದೇ ತಾನೆ? ಹಿಂದಿನ ಒಂದು ಕಡೆಗೆ ಅದನ್ನು ಹಾಕಿದರೆ ಎಡ, ಬಲ ಚಕ್ರಗಳು ಬೇರೆ ಬೇರೆ ಸುತ್ತು ತಿರುಗಿ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಡೀ ದಾರಿ ದುಡಿಯಬೇಕಾಗುತ್ತದೆ. ಹಿಂದೆ ಪಂಕ್ಚರ್ ಆದರೆ ಹೊರೆ ಇಳಿಸಿ, ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದರಲ್ಲಿ ನಿಧಾನವಾಗಿ ಹೋಗಿ.